ಸೆಕೆಂಡಿಗೆ ಎಷ್ಟು ಚಿತ್ರ ಸರಿ, ಎಷ್ಟು ಸೆಕೆಂಡು? ಬಫರ್ ನೋಡಿ ಕ್ಯಾಮೆರಾ, ಕಾರ್ಡ್, ಫೈಲ್ ಆರಿಸುವ ಬಗೆ

2013ರಲ್ಲಿ ನಿಕಾನ್ ಡಿ7100 ಬಂದಾಗ ಅದರ ವಿವರಪಟ್ಟಿಯಲ್ಲಿ ಸೆಕೆಂಡಿಗೆ 6 ಚಿತ್ರ ಎಂದಿತ್ತು. ಆ ವರ್ಗದ ಕ್ಯಾಮೆರಾಗೆ ಒಳ್ಳೆಯ ವೇಗವೇ. ಆದರೆ 14-ಬಿಟ್ ರಾ ಫೈಲ್ (ಸಂವೇದಕದ ಮಾಹಿತಿಯನ್ನು ಸಂಸ್ಕರಿಸದೆ ಇಡುವ ದೊಡ್ಡ ಫೈಲ್) ಆರಿಸಿ ಗುಂಡಿ ಒತ್ತಿ ಹಿಡಿದವರಿಗೆ ಒಟ್ಟು ಸಿಗುತ್ತಿದ್ದದ್ದೂ ಸುಮಾರು 6 ಚಿತ್ರ. ಅಷ್ಟಕ್ಕೆ ಬಫರ್, ಅಂದರೆ ಚಿತ್ರಗಳು ಕಾರ್ಡಿಗೆ ಇಳಿಯುವ ಮುನ್ನ ತಂಗುವ ಜಾಗ, ತುಂಬಿ ಕ್ಯಾಮೆರಾ ಮುಗ್ಗರಿಸುತ್ತಿತ್ತು. ಪಟ್ಟಿಯ ಮಾತು ಸುಳ್ಳಲ್ಲ. ಆ ವೇಗ ಉಳಿಯುವುದು ಒಂದು ಸೆಕೆಂಡಿನ ಆಸುಪಾಸು ಮಾತ್ರ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಯಾರೂ ಬರೆದಿರಲಿಲ್ಲ, ಅಷ್ಟೆ.

2015ರ ಡಿ7200 ಅದೇ 6ರ ವೇಗದಲ್ಲಿ, ಅದೇ ಬಗೆಯ ಫೈಲ್‌ನಲ್ಲಿ 18 ಚಿತ್ರ ಕೊಟ್ಟಿತು. 2017ರ ಡಿ7500 ಸೆಕೆಂಡಿಗೆ 8ರಂತೆ 50. ಅದಕ್ಕೂ ಮೊದಲೇ, 2016ರಲ್ಲಿ ಬಂದಿದ್ದ ಡಿ500 ಎಕ್ಸ್‌ಕ್ಯೂಡಿ ಎಂಬ ವೇಗದ ಕಾರ್ಡ್ ಹಾಕಿದರೆ ಸೆಕೆಂಡಿಗೆ 10ರಂತೆ 200. ಈ ನಾಲ್ಕನ್ನು ಸಾಲಾಗಿ ನಿಲ್ಲಿಸಿ ನೋಡಿ. ವೇಗ 6ರಿಂದ 10ಕ್ಕೆ ಏರಿದೆ, ದುಪ್ಪಟ್ಟೂ ಆಗಿಲ್ಲ. ದಮ್ಮು, ಅಂದರೆ ಆ ವೇಗ ಉಳಿಯುವ ಹೊತ್ತು, ಮಾತ್ರ ಒಂದು ಸೆಕೆಂಡಿನಿಂದ ಇಪ್ಪತ್ತು ಸೆಕೆಂಡಿಗೆ ಏರಿದೆ. ಹಕ್ಕಿ, ಕ್ರೀಡೆ, ಓಡಾಡುವ ಮಕ್ಕಳನ್ನು ತೆಗೆಯುವವರು ಕ್ಯಾಮೆರಾಗಳನ್ನು ಹೋಲಿಸಬೇಕಾದದ್ದು ಈ ದಮ್ಮಿನ ಅಳತೆಯಲ್ಲಿ. ಹೋಲಿಸುವುದು ಮಾತ್ರ ವೇಗದ ಅಳತೆಯಲ್ಲಿ, ಏಕೆಂದರೆ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಅದು.

ಕೆರೆ ಮತ್ತು ತೂಬು

ಬಫರ್ ಎಂದರೆ ಕ್ಯಾಮೆರಾದೊಳಗಿನ ವೇಗದ ತಾತ್ಕಾಲಿಕ ಸ್ಮೃತಿ. ಸಂವೇದಕದಿಂದ ಬಂದ ಚಿತ್ರ ಮೊದಲು ಅಲ್ಲಿಗೆ ಬೀಳುತ್ತದೆ, ಅಲ್ಲಿಂದ ನಿಧಾನವಾಗಿ ಕಾರ್ಡಿಗೆ ಇಳಿಯುತ್ತದೆ. ಕೆರೆಯೊಂದನ್ನು ನೆನೆಸಿಕೊಂಡರೆ ಸಾಕು. ಕಾಲುವೆಯಿಂದ ನೀರು ಒಳಗೆ ಬರುತ್ತಿದೆ, ತೂಬಿನಿಂದ ಹೊರಗೆ ಹೋಗುತ್ತಿದೆ. ಒಳಹರಿವು ಹೊರಹರಿವಿಗಿಂತ ಹೆಚ್ಚಾದಷ್ಟೂ ಕೆರೆ ಬೇಗ ತುಂಬುತ್ತದೆ. ವ್ಯತ್ಯಾಸ ಒಂದೇ: ಕೆರೆ ತುಂಬಿದರೆ ಕೋಡಿ ಬೀಳುತ್ತದೆ, ಕ್ಯಾಮೆರಾಗೆ ಕೋಡಿಯಿಲ್ಲ. ಅದು ಕಾಲುವೆಯನ್ನೇ ಮುಚ್ಚುತ್ತದೆ. ಆಮೇಲೆ ತೂಬು ಎಷ್ಟು ಜಾಗ ಬಿಟ್ಟುಕೊಡುತ್ತದೋ ಅಷ್ಟೇ ಹೊಸ ಚಿತ್ರ.

ಒಂದು ಕಲ್ಪಿತ ಕ್ಯಾಮೆರಾ ಇಟ್ಟುಕೊಂಡು ಲೆಕ್ಕ ಮಾಡೋಣ. 24 ಮೆಗಾಪಿಕ್ಸೆಲ್, ಒಂದು ರಾ ಫೈಲ್ 30 ಎಂಬಿ, ಬಫರ್ 1,500 ಎಂಬಿ. ಸೆಕೆಂಡಿಗೆ 10 ಚಿತ್ರವಾದರೆ ಒಳಹರಿವು ಸೆಕೆಂಡಿಗೆ 300 ಎಂಬಿ. ಸೆಕೆಂಡಿಗೆ 80 ಎಂಬಿ ಬರೆಯುವ ಸಾಧಾರಣ ಎಸ್‌ಡಿ ಕಾರ್ಡ್ ಹಾಕಿದರೆ ಬಫರ್‌ನಲ್ಲಿ ಪ್ರತಿ ಸೆಕೆಂಡಿಗೆ 220 ಎಂಬಿ ಉಳಿಯುತ್ತದೆ. ಆರೂಮುಕ್ಕಾಲು ಸೆಕೆಂಡಿಗೆ, 68 ಚಿತ್ರಕ್ಕೆ ತುಂಬುತ್ತದೆ. 220 ಎಂಬಿ ಬರೆಯುವ ವೇಗದ ಎಸ್‌ಡಿ ಕಾರ್ಡ್ ಹಾಕಿದರೆ ಉಳಿಯುವುದು 80 ಮಾತ್ರ. ಹದಿನೆಂಟೂಮುಕ್ಕಾಲು ಸೆಕೆಂಡು, ಹತ್ತಿರ ಹತ್ತಿರ 190 ಚಿತ್ರ. 700 ಎಂಬಿ ಬರೆಯುವ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡಾದರೆ ಬಫರ್ ತುಂಬುವುದೇ ಇಲ್ಲ.

ಈಗ ಅದೇ ಕ್ಯಾಮೆರಾವನ್ನು ಸೆಕೆಂಡಿಗೆ 20ಕ್ಕೆ ಏರಿಸಿ. ಒಳಹರಿವು 600 ಎಂಬಿ. ಸಾಧಾರಣ ಕಾರ್ಡಿನಲ್ಲಿ 2.9 ಸೆಕೆಂಡು, ವೇಗದ ಎಸ್‌ಡಿ ಕಾರ್ಡಿನಲ್ಲಿ 3.9. ಮೊದಲಿನ ಲೆಕ್ಕದಲ್ಲಿ ಹನ್ನೆರಡು ಸೆಕೆಂಡು ಹೆಚ್ಚು ಕೊಟ್ಟ ಅದೇ ಕಾರ್ಡು ಈಗ ಕೊಟ್ಟದ್ದು ಒಂದೇ ಒಂದು ಸೆಕೆಂಡು. ‘ವೇಗದ ಕಾರ್ಡ್ ತೆಗೆದುಕೊಂಡೆ, ಏನೂ ಫರಕು ಕಾಣಲಿಲ್ಲ’ ಎನ್ನುವವರೂ ‘ಕಾರ್ಡ್ ಬದಲಿಸಿದೆ, ಕ್ಯಾಮೆರಾವೇ ಬದಲಾಯಿತು’ ಎನ್ನುವವರೂ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ತೂಬಿನ ಹರಿವು ಕಾಲುವೆಯ ಹರಿವಿಗೆ ಹತ್ತಿರ ಬಂದಾಗ ಮಾತ್ರ ದಮ್ಮು ಹಿಗ್ಗುತ್ತದೆ. ದೂರವಿದ್ದರೆ ಕೆರೆಯ ಗಾತ್ರವೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಆದರೂ ಆ ವೇಗದ ಕಾರ್ಡು ವ್ಯರ್ಥವಲ್ಲ. ತುಂಬಿದ ಬಫರ್ ಪೂರ್ತಿ ಖಾಲಿಯಾಗಲು ಸಾಧಾರಣ ಕಾರ್ಡಿಗೆ 19 ಸೆಕೆಂಡು ಬೇಕು, ವೇಗದ್ದಕ್ಕೆ 7. ತುಂಬಿದ ಮೇಲೆ ಎರಡು ಸೆಕೆಂಡು ಬೆರಳೆತ್ತಿದರೆ ಮೊದಲನೆಯದರಲ್ಲಿ 5 ಚಿತ್ರದ ಜಾಗ ಸಿಗುತ್ತದೆ, ಎರಡನೆಯದರಲ್ಲಿ 14. ಬೆರಳೆತ್ತದೆ ಒತ್ತಿಯೇ ಹಿಡಿದರೆ ಒಂದು ಸೆಕೆಂಡಿಗೆ ಮೂರಕ್ಕೂ ಕಡಿಮೆ ಚಿತ್ರದಂತೆ ತೆವಳುತ್ತದೆ, ಇನ್ನೊಂದು ಏಳರಂತೆ ನಡೆಯುತ್ತದೆ. ಹೊರಾಂಗಣದಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಕ್ಷಣಗಳು ಒಂದರ ಹಿಂದೊಂದು ಬರುತ್ತವೆ. ಆದ್ದರಿಂದ ಆಳವಾದ ಬಫರ್ ಇದ್ದು ನಿಧಾನದ ಕಾರ್ಡ್ ಗೂಡಿರುವ ಕ್ಯಾಮೆರಾ, ಚಿಕ್ಕ ಬಫರ್ ಇದ್ದು ಚುರುಕಾಗಿ ಖಾಲಿಯಾಗುವ ಕ್ಯಾಮೆರಾ, ಇವೆರಡರ ನಡುವೆ ನನ್ನ ಆಯ್ಕೆ ಬಹುತೇಕ ಎರಡನೆಯದು. ವಿವರಪಟ್ಟಿಗಳು ಆಳವನ್ನು ಬರೆಯುತ್ತವೆ, ಚೇತರಿಕೆಯ ಸಮಯವನ್ನು ಬರೆಯುವುದು ಅಪರೂಪ.

ನಿಮ್ಮ ಕ್ಷಣ ಎಷ್ಟು ಉದ್ದ?

ಯಾವ ಕ್ಯಾಮೆರಾ ಎಂದು ಕೇಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಮಿಂಚುಳ್ಳಿ ಕೊಂಬೆಯಿಂದ ನೀರಿಗೆ ಧುಮುಕಿ ಮೀನು ಕಚ್ಚಿಕೊಂಡು ಮೇಲೇಳುವುದು ಎರಡು ಮೂರು ಸೆಕೆಂಡಿನ ಆಟ. ಹರ್ಡಲ್ಸ್ ಓಟಗಾರ ಒಂದು ಅಡ್ಡಗಂಬ ದಾಟುವುದು ಸೆಕೆಂಡಿನೊಳಗೆ, ಇಡೀ ಓಟ ಹದಿಮೂರು ಹದಿನಾಲ್ಕು ಸೆಕೆಂಡು. ಎರಡು ಹದ್ದುಗಳ ಕಾದಾಟ ಅರ್ಧ ನಿಮಿಷ ನಡೆದರೂ ನಡೆಯಬಹುದು, ಯಾವ ಘಳಿಗೆಯಲ್ಲಿ ಕಾಲಿಗೆ ಕಾಲು ಸಿಕ್ಕಿಸಿಕೊಳ್ಳುತ್ತವೆ ಎಂದು ಹೇಳಲಾಗದು. ಮಗು ಜಾರುಬಂಡೆಯಿಂದ ಇಳಿಯಲು ಮೂರು ಸೆಕೆಂಡು ಸಾಕು, ಆದರೆ ಅದು ತಕ್ಷಣ ಮತ್ತೆ ಹತ್ತುತ್ತದೆ. ಮೊದಲನೆಯದಕ್ಕೆ ವೇಗ ಬೇಕು, ದಮ್ಮು ಅಷ್ಟೇನೂ ಬೇಡ. ಹದ್ದಿಗೆ ದಮ್ಮೇ ಮುಖ್ಯ. ಮಗುವಿಗೆ ಬೇಕಾದದ್ದು ಚೇತರಿಕೆ.

ನಾನು ಈ ಪಾಠ ಕಲಿತದ್ದು ಮಿಂಚುಳ್ಳಿಯ ಮುಂದೆಯೇ. ಹಕ್ಕಿ ಕೊಂಬೆಯ ಮೇಲೆ ತಲೆ ಅಲ್ಲಾಡಿಸಿದ ಕೂಡಲೇ ಗುಂಡಿ ಒತ್ತಿದೆ. ಅದು ಇನ್ನೂ ಯೋಚಿಸುತ್ತಿತ್ತು. ಅದು ಧುಮುಕಿದಾಗ ನನ್ನ ಕ್ಯಾಮೆರಾ ಏದುಸಿರು ಬಿಡುತ್ತಿತ್ತು. ಕಾರ್ಡಿನಲ್ಲಿ ಸಿಕ್ಕಿದ್ದು ಕುಳಿತ ಹಕ್ಕಿಯ ಇಪ್ಪತ್ತಕ್ಕೂ ಹೆಚ್ಚು ಚಿತ್ರ, ಅವುಗಳ ಕೊನೆಯಲ್ಲಿ ಖಾಲಿ ಕೊಂಬೆಯ ಒಂದು ಸ್ಪಷ್ಟವಾದ ಚಿತ್ರ.

ಫಿಲ್ಮ್ ಕಾಲದವರಿಗೆ ಇದು ಹೊಸತೇನಲ್ಲ. ಅವರ ಬಫರ್ 36 ಚಿತ್ರ, ತಾನಾಗಿ ಖಾಲಿಯೂ ಆಗುತ್ತಿರಲಿಲ್ಲ. 1998ರ ನಿಕಾನ್ ಎಫ್3ಎಚ್ ಸೆಕೆಂಡಿಗೆ 13 ಚಿತ್ರ ಓಡಿಸುತ್ತಿತ್ತು. ಮೂರು ಸೆಕೆಂಡು ತುಂಬುವಷ್ಟರಲ್ಲಿ ರೋಲ್ ಮುಗಿದಿರುತ್ತಿತ್ತು. ಬೆರಳಿಗೆ ಶಿಸ್ತು ಹೇಗೆ ಬರುತ್ತಿತ್ತು ಎಂದು ಕೇಳಬೇಕಾಗಿಲ್ಲ.

ವೇಗದ ಬೆಲೆ

ಇಂದಿನ ಕ್ಯಾಮೆರಾಗಳಲ್ಲಿ ಶಟರ್‌ನ ಆಯ್ಕೆಯೂ ಬಫರ್‌ನ ಆಯ್ಕೆಯೇ. ಕ್ಯಾನನ್ ಆರ್7 ಯಾಂತ್ರಿಕ ಶಟರ್‌ನಲ್ಲಿ ಸೆಕೆಂಡಿಗೆ 15, ಎಲೆಕ್ಟ್ರಾನಿಕ್ ಶಟರ್‌ನಲ್ಲಿ 30 ಚಿತ್ರ ತೆಗೆಯುತ್ತದೆ. ಪೂರ್ಣ ರಾ ಫೈಲ್‌ನಲ್ಲಿ 15ರ ವೇಗಕ್ಕೆ ಸುಮಾರು 50 ಚಿತ್ರ, 30ರ ವೇಗಕ್ಕೆ ಸುಮಾರು 40. ಸೆಕೆಂಡಿಗೆ ಬದಲಿಸಿದರೆ ಮೂರೂವರೆ ಸೆಕೆಂಡು ಒಂದು ಕಡೆ, ಒಂದೂವರೆಗೂ ಕಡಿಮೆ ಇನ್ನೊಂದು ಕಡೆ. ಪ್ರತಿ ಸೆಕೆಂಡಿನ ಚಿತ್ರ ದುಪ್ಪಟ್ಟಾದರೂ ಒಟ್ಟು ಚಿತ್ರ ಕಡಿಮೆಯಾಗಿದೆ ಎಂಬುದನ್ನು ಗಮನಿಸಿ.

ದುಬಾರಿ ಕ್ಯಾಮೆರಾಗಳೂ ಈ ನಿಯಮದಿಂದ ಹೊರತಲ್ಲ. 2023ರಲ್ಲಿ ಘೋಷಣೆಯಾದ ಸೋನಿ ಎ9 III ಸೆಕೆಂಡಿಗೆ 120 ಚಿತ್ರ ತೆಗೆಯುತ್ತದೆ. ಆ ವೇಗದಲ್ಲಿ ಅದರ ದಮ್ಮು ಸುಮಾರು 190 ಚಿತ್ರ, ಒಂದೂವರೆ ಸೆಕೆಂಡಿಗಿಂತ ತುಸು ಹೆಚ್ಚು. 2021ರ ನಿಕಾನ್ ಝಡ್9 ಬೇರೆ ದಾರಿ ಹಿಡಿಯಿತು. ರಾ ಫೈಲ್‌ಗೆ 20ರ ವೇಗ ಸಾಕೆಂದು ನಿಂತು, ಫೈಲ್ ಕುಗ್ಗಿಸುವ ಹೊಸ ವಿಧಾನ ಮತ್ತು ವೇಗದ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್ ಎರಡನ್ನೂ ಸೇರಿಸಿ ಸಾವಿರ ಚಿತ್ರದವರೆಗೆ ಎಳೆಯಿತು. ಎರಡೂ ಅದ್ಭುತ ಯಂತ್ರಗಳೇ. ಬ್ಯಾಟಿಗೆ ಚೆಂಡು ತಾಗುವ ಆ ಒಂದೇ ಒಂದು ಚಿತ್ರಕ್ಕೆ ಮೊದಲನೆಯದು, ಯಾವಾಗ ಏನಾಗುತ್ತದೋ ತಿಳಿಯದ ಕಾಡಿಗೆ ಎರಡನೆಯದು.

ಎಲೆಕ್ಟ್ರಾನಿಕ್ ಶಟರ್‌ಗೆ ಇನ್ನೊಂದು ತೊಡಕಿದೆ. ಸಂವೇದಕವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುವುದರಿಂದ, ಓದುವುದು ನಿಧಾನವಾದರೆ ಬಡಿಯುವ ರೆಕ್ಕೆ ಬಾಗುತ್ತದೆ, ಬೀಸುವ ಗಾಲ್ಫ್ ಕೋಲು ಬಾಳೆಹಣ್ಣಿನಂತಾಗುತ್ತದೆ. ಪದರಗಳಿರುವ ಸ್ಟ್ಯಾಕ್ಡ್ ಸಂವೇದಕದ ಝಡ್9 ಇಡೀ ಚಿತ್ರವನ್ನು ಸೆಕೆಂಡಿನ ಸುಮಾರು 1/270 ಭಾಗದಲ್ಲಿ ಓದಿ ಮುಗಿಸುತ್ತದೆ. ಆರ್7 ತರಹದ ಸಾಧಾರಣ ಸಂವೇದಕಕ್ಕೆ ಅದರ ಎಂಟೊಂಬತ್ತು ಪಟ್ಟು ಸಮಯ ಬೇಕು. ಎ9 III ಗ್ಲೋಬಲ್ ಶಟರ್ ಇರುವುದರಿಂದ ಎಲ್ಲ ಸಾಲುಗಳನ್ನೂ ಒಮ್ಮೆಗೇ ಹಿಡಿಯುತ್ತದೆ, ಬಾಗುವ ಪ್ರಶ್ನೆಯೇ ಇಲ್ಲ. ಸಾಧಾರಣ ಸಂವೇದಕದಲ್ಲಿ 30ರ ವೇಗ ಎಂದು ಬರೆದಿದ್ದರೆ ಅದನ್ನು ಕುಳಿತ ಹಕ್ಕಿಗೆ ಮೀಸಲಿಡಿ, ಹಾರುವುದಕ್ಕೆ ಯಾಂತ್ರಿಕ ಶಟರ್‌ನ ವೇಗವನ್ನೇ ನಿಜವಾದ ವೇಗವೆಂದು ಲೆಕ್ಕ ಹಾಕಿ. ಅಂಗಡಿಯ ಹೋಲಿಕೆಯಲ್ಲಿ ಅರ್ಧಕ್ಕರ್ಧ ಕ್ಯಾಮೆರಾಗಳು ಇಲ್ಲಿಯೇ ಕೆಳಗಿಳಿಯುತ್ತವೆ.

ಫೈಲ್ ಕುಗ್ಗಿಸುವುದೋ, ಕಾರ್ಡ್ ಬದಲಿಸುವುದೋ?

ಕಾಸು ಖರ್ಚಿಲ್ಲದ ದಾರಿ ಮೊದಲು. ರಾ ಫೈಲ್‌ನಲ್ಲಿ ಸಾಮಾನ್ಯವಾಗಿ ಮೂರು ಬಗೆ: ಕುಗ್ಗಿಸದ್ದು, ನಷ್ಟವಿಲ್ಲದೆ ಕುಗ್ಗಿಸಿದ್ದು, ತುಸು ನಷ್ಟದೊಂದಿಗೆ ಕುಗ್ಗಿಸಿದ್ದು. 24 ಮೆಗಾಪಿಕ್ಸೆಲ್‌ನ 14-ಬಿಟ್ ಮಾಹಿತಿ ಕುಗ್ಗಿಸದೆ ಇಟ್ಟರೆ 42 ಎಂಬಿ. ಸರಣಿ ಚಿತ್ರೀಕರಣಕ್ಕೆ ಅದನ್ನು ಬಳಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ನಷ್ಟವಿಲ್ಲದ ಬಗೆಯಲ್ಲಿ ಅದೇ ಗುಣಮಟ್ಟ ಬಹಳ ಕಡಿಮೆ ಜಾಗದಲ್ಲಿ ಸಿಗುತ್ತದೆ. ನಿಜವಾದ ಆಯ್ಕೆ ಇರುವುದು ಎರಡನೆಯ ಮತ್ತು ಮೂರನೆಯದರ ನಡುವೆ. ಆರ್7ರಲ್ಲಿ ಕ್ಯಾನನ್‌ನ ಸಿ-ರಾ ಆರಿಸಿದರೆ 15ರ ವೇಗದಲ್ಲಿ ಸುಮಾರು 50 ಇದ್ದದ್ದು 180 ದಾಟುತ್ತದೆ. ಮೂರು ಪಟ್ಟಿಗೂ ಹೆಚ್ಚು ದಮ್ಮು, ಮೆನುವಿನಲ್ಲಿ ಒಂದು ಗೆರೆ ಬದಲಿಸಿದ್ದಕ್ಕೆ. ನಷ್ಟ ಕಾಣುವುದು ಎಲ್ಲಿ? ತೀರಾ ಕತ್ತಲಾದ ನೆರಳನ್ನು ಮೂರು ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು) ಮೇಲೆತ್ತಿದಾಗ. ಹಕ್ಕಿಯ ಚಿತ್ರಕ್ಕೆ ನಾನು ಹಿಂದೆಮುಂದೆ ನೋಡದೆ ನಷ್ಟದ ಬಗೆಯನ್ನೇ ಬಳಸುತ್ತೇನೆ. ಭೂದೃಶ್ಯಕ್ಕೆ ಮರಳಿದಾಗ ನಷ್ಟವಿಲ್ಲದ್ದಕ್ಕೆ ಬದಲಿಸಲು ಆಗಾಗ ಮರೆಯುತ್ತೇನೆ ಎಂಬುದು ಬೇರೆ ಮಾತು.

ಕೆಲವು ಕ್ಯಾಮೆರಾಗಳಲ್ಲಿ ಈ ಆಯ್ಕೆ ವೇಗವನ್ನೇ ಕಟ್ಟಿಹಾಕುತ್ತದೆ. ಸೋನಿ ಎ7 IVರ ಸೆಕೆಂಡಿಗೆ 10 ಎಂಬುದು ನಷ್ಟದ ರಾ ಫೈಲ್‌ಗೆ ಮಾತ್ರ. ನಷ್ಟವಿಲ್ಲದ್ದನ್ನು ಆರಿಸಿದರೆ ಸುಮಾರು 6ಕ್ಕೆ ಇಳಿಯುತ್ತದೆ. ಇಂಥ ಅಡಿಟಿಪ್ಪಣಿಗಳನ್ನು ಓದದೆ ಹೋಲಿಸಿದರೆ ಹೋಲಿಕೆಯೇ ಅಡ್ಡದಾರಿ ಹಿಡಿಯುತ್ತದೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ 14-ಬಿಟ್‌ನಿಂದ 12-ಬಿಟ್‌ಗೆ, ಎಂದರೆ ಕಡಿಮೆ ಛಾಯೆಗಳ ಮಾಹಿತಿಗೆ, ಸದ್ದಿಲ್ಲದೆ ಜಾರುವ ಕ್ಯಾಮೆರಾಗಳೂ ಇವೆ.

ಜೆಪೆಗ್ ಸುಲಭದ ಉತ್ತರ, ನಿಜ. ಪತ್ರಿಕೆಗೆ ಮೈದಾನದಿಂದಲೇ ಚಿತ್ರ ಕಳಿಸುವವರು ಅದನ್ನೇ ಬಳಸುತ್ತಾರೆ. ಆದರೆ ಜೆಪೆಗ್ ತಯಾರಿಸಲು ಪ್ರೊಸೆಸರ್ ದುಡಿಯಬೇಕು. ಚಿತ್ರದ ಕಣಕಣವಾದ ಶಬ್ದದ (ನಾಯ್ಸ್) ತಗ್ಗಿಸುವಿಕೆ, ಮಸೂರದ ತಿದ್ದುಪಡಿ, ನೆರಳು ಬೆಳಗಿಸುವ ಸೌಲಭ್ಯ ಎಲ್ಲವನ್ನೂ ಚಾಲೂ ಇಟ್ಟರೆ ಫೈಲ್ ಚಿಕ್ಕದಾದರೂ ದಮ್ಮು ಹೆಚ್ಚದೆ ಹೋಗಬಹುದು. ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ಬರೆಸುವುದು ಸರಣಿ ಚಿತ್ರೀಕರಣದಲ್ಲಿ ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಇನ್ನು ಕಾರ್ಡ್. ಮೇಲೆ ದೊಡ್ಡದಾಗಿ ಅಚ್ಚಾದ ಸಂಖ್ಯೆ ಓದುವ ವೇಗ, ಬಫರ್‌ಗೆ ಬೇಕಾದದ್ದು ಬರೆಯುವ ವೇಗ. ವಿ30, ವಿ60, ವಿ90 ಗುರುತುಗಳು ಕನಿಷ್ಠ ಎಷ್ಟು ಎಂಬಿ ವೇಗದಲ್ಲಿ ಎಡೆಬಿಡದೆ ಬರೆಯಬಲ್ಲದು ಎಂದು ಹೇಳುತ್ತವೆ, ನಂಬಬೇಕಾದದ್ದು ಅವನ್ನು. ಯುಎಚ್‌ಎಸ್-1 ಎಸ್‌ಡಿ ಕಾರ್ಡಿನ ದಾರಿಯ ಅಗಲವೇ ಸೆಕೆಂಡಿಗೆ 104 ಎಂಬಿ, ಯುಎಚ್‌ಎಸ್-2ರದು 312. ಎರಡನೆಯದರ ಬೆನ್ನಿಗೆ ಇನ್ನೊಂದು ಸಾಲು ಲೋಹದ ಪಟ್ಟಿಗಳಿರುತ್ತವೆ, ನೋಡಿದರೆ ಗುರುತು ಸಿಗುತ್ತದೆ. ಆದರೆ ಗೂಡು ಯುಎಚ್‌ಎಸ್-1 ಆಗಿದ್ದರೆ ಆ ಎರಡನೆಯ ಸಾಲಿಗೆ ತಾಗುವ ಸಂಪರ್ಕವೇ ಒಳಗಿರುವುದಿಲ್ಲ. 2019ರ ಸೋನಿ ಎ6400 ಸೆಕೆಂಡಿಗೆ 11 ಚಿತ್ರ ತೆಗೆಯುತ್ತದೆ, ಅದರ ಗೂಡು ಯುಎಚ್‌ಎಸ್-1. ಅಂಥ ಕ್ಯಾಮೆರಾಗೆ ದುಬಾರಿ ಯುಎಚ್‌ಎಸ್-2 ಕಾರ್ಡ್ ಹಾಕುವುದು ಕಿರಿದಾದ ತೂಬಿನ ಹೊರಗೆ ಅಗಲವಾದ ಕಾಲುವೆ ತೋಡಿದಂತೆ. ಅಲ್ಲಿ ಒಳ್ಳೆಯ ಯುಎಚ್‌ಎಸ್-1 ಕಾರ್ಡ್ ಸಾಕು, ಉಳಿದ ಹಣ ಮಸೂರಕ್ಕಿರಲಿ.

ಸಿಎಫ್‌ಎಕ್ಸ್‌ಪ್ರೆಸ್‌ನಲ್ಲಿ ಎ ಬಗೆಯ ದಾರಿ ಸೆಕೆಂಡಿಗೆ ಸುಮಾರು 1,000 ಎಂಬಿ, ಬಿ ಬಗೆಯದು 2,000, 2023ರ 4.0 ಆವೃತ್ತಿ ಎರಡನ್ನೂ ದುಪ್ಪಟ್ಟು ಮಾಡಿದೆ. ಇಲ್ಲಿಯೂ ಗರಿಷ್ಠ ವೇಗದ ಮಾತನ್ನು ಪಕ್ಕಕ್ಕಿಡಿ. ಕೆಲವು ಕಾರ್ಡುಗಳು ಮೊದಲ ಕೆಲವು ಗಿಗಾಬೈಟ್ ಮಿಂಚಿನಂತೆ ಬರೆದು ಆಮೇಲೆ ಸೋಲುತ್ತವೆ, ಕಡಿಮೆ ಸಾಮರ್ಥ್ಯದವು ಹಲವು ಬಾರಿ ನಿಧಾನದವೂ ಹೌದು. ವಿಪಿಜಿ 200, ವಿಪಿಜಿ 400 ಎಂಬ ಗುರುತು ಎಡೆಬಿಡದ ಕನಿಷ್ಠ ವೇಗದ ಭರವಸೆ.

ಎರಡು ಗೂಡಿರುವ ಕ್ಯಾಮೆರಾದಲ್ಲಿ ಎರಡೂ ಕಾರ್ಡಿಗೆ ಒಂದೇ ಚಿತ್ರವನ್ನು ಬರೆಸಿದರೆ ನಿಧಾನದ ಕಾರ್ಡೇ ಯಜಮಾನ. ಒಂದು ಗೂಡು ಸಿಎಫ್‌ಎಕ್ಸ್‌ಪ್ರೆಸ್, ಇನ್ನೊಂದು ಎಸ್‌ಡಿ ಇರುವಲ್ಲಿ ಇದು ಎದ್ದು ಕಾಣುತ್ತದೆ. ಮದುವೆಯಂಥ ಮರಳಿ ಬಾರದ ಕೆಲಸಕ್ಕೆ ನಕಲು ಬೇಕೇ ಬೇಕು, ಅಲ್ಲಿ ಬಫರ್ ತುಂಬುವುದೂ ಕಡಿಮೆ. ಹಕ್ಕಿಗೆ ಹೊರಟಾಗ ನಕಲನ್ನು ನಿಲ್ಲಿಸಿ.

ಕ್ಷಣಕ್ಕಿಂತ ಮೊದಲೇ ಹಿಡಿಯುವುದು

ಬಫರ್ ಚಿಕ್ಕದಿದ್ದರೂ ಅದನ್ನು ಜಾಣತನದಿಂದ ಬಳಸುವ ಸೌಲಭ್ಯವೊಂದಿದೆ. ಗುಂಡಿಯನ್ನು ಅರ್ಧ ಒತ್ತಿದಾಗಲೇ ಕ್ಯಾಮೆರಾ ಚಿತ್ರ ತೆಗೆದು ಬಫರ್‌ನಲ್ಲಿ ಸುತ್ತಿಸುತ್ತಿರುತ್ತದೆ, ಹಳೆಯದನ್ನು ಬಿಸಾಡುತ್ತ ಹೊಸದನ್ನು ಇಟ್ಟುಕೊಳ್ಳುತ್ತ. ಪೂರ್ತಿ ಒತ್ತಿದ ಕ್ಷಣ ಅದಕ್ಕಿಂತ ಹಿಂದಿನ ಕೆಲವು ಚಿತ್ರಗಳನ್ನೂ ಸೇರಿಸಿ ಕಾರ್ಡಿಗೆ ಇಳಿಸುತ್ತದೆ. 2016ರ ಒಲಿಂಪಸ್ ಇ-ಎಂ1 ಮಾರ್ಕ್ II ಇದನ್ನು ಪ್ರೊ ಕ್ಯಾಪ್ಚರ್ ಎಂಬ ಹೆಸರಿನಲ್ಲಿ, 14 ಚಿತ್ರದವರೆಗೆ ಕೊಟ್ಟಿತು. ಎ9 III ಒಂದು ಸೆಕೆಂಡಿನವರೆಗೆ ಹಿಂದೆ ಹೋಗುತ್ತದೆ. ಝಡ್9ಗೆ 2022ರ ಫರ್ಮ್‌ವೇರ್‌ನಲ್ಲಿ ಇದು ಬಂದಾಗ ಜೆಪೆಗ್‌ಗೆ ಮಾತ್ರ ಸೀಮಿತವಾಗಿತ್ತು. ಹೋಲಿಸುವಾಗ ಈ ಸೂಕ್ಷ್ಮ ಮರೆಯಬೇಡಿ.

ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಕಳೆದಿರುತ್ತದೆ. ಆ ಅಂತರವನ್ನು ಎಷ್ಟು ದೊಡ್ಡ ಬಫರ್ ಇದ್ದರೂ ತುಂಬಲಾಗದು. ಅದಕ್ಕೇ ನಾವು ಮೊದಲೇ ಒತ್ತಿ ಹಿಡಿದು ಬಫರ್ ವ್ಯರ್ಥ ಮಾಡುವುದು. ಕೊಂಬೆಯಿಂದ ಹಾರುವ ಹಕ್ಕಿಯೇ ನಿಮ್ಮ ವಿಷಯವಾದರೆ, ದುಪ್ಪಟ್ಟು ಬಫರ್ ಇದ್ದು ಈ ಸೌಲಭ್ಯ ಇಲ್ಲದ ಕ್ಯಾಮೆರಾಕ್ಕಿಂತ ಚಿಕ್ಕ ಬಫರ್ ಇದ್ದು ಇದಿರುವ ಕ್ಯಾಮೆರಾವನ್ನು ನಾನು ಆರಿಸುತ್ತೇನೆ. ಬ್ಯಾಟರಿ ಬೇಗ ಕರಗುತ್ತದೆ, ಇನ್ನೊಂದು ಜೇಬಿನಲ್ಲಿರಲಿ.

ಕೊಳ್ಳುವ ಮೊದಲು ಅಳೆಯಿರಿ

ಕಂಪನಿ ಕೊಡುವ ಬಫರ್ ಸಂಖ್ಯೆ ಕಡಿಮೆ ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಅವರೇ ಆರಿಸಿದ ಕಾರ್ಡ್, ಅವರ ಪರೀಕ್ಷೆಯ ದೃಶ್ಯದ್ದು. ಐಎಸ್‌ಓ ಏರಿದಂತೆ ಚಿತ್ರದಲ್ಲಿ ಕಣಕಣವಾದ ಶಬ್ದ ಹೆಚ್ಚುತ್ತದೆ, ಶಬ್ದವನ್ನು ಕುಗ್ಗಿಸುವುದು ಕಷ್ಟ, ಫೈಲ್ ಉಬ್ಬುತ್ತದೆ. ಮುಂಜಾವದ ಮಬ್ಬಿನಲ್ಲಿ ನಿಮಗೆ ಸಿಗುವುದು ಪಟ್ಟಿಯಲ್ಲಿ ಬರೆದದ್ದಕ್ಕಿಂತ ಕಡಿಮೆಯೇ.

ಆದ್ದರಿಂದ ಸ್ನೇಹಿತರದೋ ಬಾಡಿಗೆಯದೋ ಕ್ಯಾಮೆರಾ ಸಿಕ್ಕರೆ ನಿಮ್ಮ ಕಾರ್ಡ್ ಹಾಕಿ, ನೀವು ನಿಜವಾಗಿ ಬಳಸುವ ಐಎಸ್‌ಓ ಇಟ್ಟು, ಶಟರ್ ವೇಗ 1/1000ಕ್ಕಿಂತ ಹೆಚ್ಚಿಟ್ಟು, ಫೋಕಸನ್ನು ಕೈಯಾರೆ ನಿಲ್ಲಿಸಿ. ಎಲೆಗಳು ತುಂಬಿದ ಮರದ ಕಡೆ ಹಿಡಿಯಿರಿ, ಖಾಲಿ ಗೋಡೆಯ ಕಡೆ ಅಲ್ಲ. ಗೋಡೆಯ ಫೈಲ್ ಚಿಕ್ಕದಾಗಿ ಬಫರನ್ನು ಹೊಗಳಿಬಿಡುತ್ತದೆ. ಪಕ್ಕದಲ್ಲಿ ಮೊಬೈಲ್‌ನಲ್ಲಿ ಧ್ವನಿಮುದ್ರಣ ಚಾಲೂ ಮಾಡಿ ಗುಂಡಿ ಒತ್ತಿ ಹಿಡಿಯಿರಿ. ಲಯ ತಪ್ಪಿದ ಕ್ಷಣ ಕಿವಿಗೇ ಗೊತ್ತಾಗುತ್ತದೆ, ಮುದ್ರಣದಲ್ಲಿ ಅದರ ಸಮಯವೂ ಇರುತ್ತದೆ. ಎಲೆಕ್ಟ್ರಾನಿಕ್ ಶಟರ್ ಆದರೆ ಕ್ಯಾಮೆರಾದ ಕೃತಕ ಸದ್ದನ್ನು ಚಾಲೂ ಇಡಿ.

ಆಮೇಲೆ ಬೆರಳೆತ್ತಿ ಕಾರ್ಡಿನ ಕೆಂಪು ದೀಪ ಆರುವವರೆಗೆ ಎಣಿಸಿ. ಆ ಹೊತ್ತಿನಲ್ಲಿ ತೆಗೆದ ಚಿತ್ರವನ್ನು ನೋಡಲು, ಮೆನು ತೆರೆಯಲು, ಐಎಸ್‌ಓ ಬದಲಿಸಲು ಬಿಡುತ್ತದೆಯೇ ಎಂದೂ ನೋಡಿ. ಬಫರ್ ಖಾಲಿಯಾಗುವವರೆಗೆ ಕೆಲವು ಮೆನುಗಳಿಗೆ ಬೀಗ ಹಾಕಿ ಕೂರುವ ಕ್ಯಾಮೆರಾಗಳಿವೆ. ದೀಪ ಆರುವ ಮುನ್ನ ಬ್ಯಾಟರಿ ತೆಗೆದರೆ ಕಾರ್ಡಿಗೆ ಇಳಿಯದ ಚಿತ್ರಗಳು ಹೋದಂತೆಯೇ.

ಈ ಪರೀಕ್ಷೆಯನ್ನು ಈಗಿರುವ ಕ್ಯಾಮೆರಾ ಮೇಲೂ ಒಮ್ಮೆ ಮಾಡಿ, ಪೂರ್ತಿ ವೇಗದಲ್ಲಿ ಒಂದು ಸಲ, ಒಂದು ಮೆಟ್ಟಿಲು ಇಳಿಸಿ ಒಂದು ಸಲ. ನಮ್ಮ ಕಲ್ಪಿತ ಕ್ಯಾಮೆರಾವನ್ನು ವೇಗದ ಎಸ್‌ಡಿ ಕಾರ್ಡಿನೊಂದಿಗೆ 20ರ ಬದಲು 12ಕ್ಕೆ ಇಳಿಸಿದರೆ ನಾಲ್ಕು ಸೆಕೆಂಡಿನ ದಮ್ಮು ಹತ್ತೂವರೆ ದಾಟುತ್ತದೆ. ನನ್ನ ಕ್ಯಾಮೆರಾ ಈಗ 12ರಲ್ಲೇ ಇರುತ್ತದೆ. ಮಿಂಚುಳ್ಳಿ ತಲೆ ಅಲ್ಲಾಡಿಸಿದಾಗ ಒತ್ತುವುದನ್ನು ಮಾತ್ರ ಬೆರಳು ಇನ್ನೂ ಪೂರ್ತಿ ಬಿಟ್ಟಿಲ್ಲ.